ಚಾದರದ ಆನೆಗಳು ಯಾವ ಕಡೆ ಹೊರಟಿವೆ

೨೦೨೪ರ ಡಿಸೆಂಬರ್ ೭, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

“ಹದಿನೈದಕ್ಕ ಎರಡನೇ ಆಪ್ಶನ್. ಹದಿನಾರಕ್ಕ ನಾಲ್ಕು. ಹದಿನೇಳಕ್ಕ ಒಂದು. ಏನಿದು ಶುಭಾಂಗಿ, ಫೋನ್ ನಂಬರ್ ಬರದೀಯೇನು?”

ಐದನೇ ತರಗತಿ ನಕ್ಕಿತು. ಗುರುನಾಥ ಸರ್ ನಗಲಿಲ್ಲ. ಉತ್ತರಪತ್ರಿಕೆಯನ್ನು ಬೆಂಚಿನ ಮೇಲಿಟ್ಟು ಕೊನೆಯ ಆರು ಪ್ರಶ್ನೆಗಳ ಮೇಲೆ ಬೆರಳಾಡಿಸಿದರು. ಆರಕ್ಕೆ ಆರೂ ಕೆಂಪು.

ಅದು ‘ಬುದ್ಧಿಮತ್ತಾ’ ಟೆಸ್ಟ್. ಫೆಬ್ರುವರಿಯಲ್ಲಿ ಬರುವ ಸ್ಕಾಲರ್‌ಶಿಪ್ ಪರೀಕ್ಷೆಗೆ ತಯಾರಿ. ಅದರಲ್ಲಿ ಓದುವುದಕ್ಕೆ ಹೆಚ್ಚೇನೂ ಇರುವುದಿಲ್ಲ, ಬರೀ ಚಿತ್ರಗಳು. ಚೌಕ, ಬಾಣ, ಚುಕ್ಕೆ, ಬಾವುಟ. ಈ ಸಾಲಿನಲ್ಲಿ ಮುಂದೆ ಬರುವುದು ಯಾವುದು, ಗುಂಪಿಗೆ ಸೇರದ್ದು ಯಾವುದು ಎಂದು ಕೇಳುತ್ತಾರೆ. ಶುಭಾಂಗಿಗೆ ಎಲ್ಲ ವಿಷಯಗಳಿಗಿಂತ ಅದೇ ಇಷ್ಟ. ಮೊದಲ ಹದಿನಾಲ್ಕು ಪ್ರಶ್ನೆಗಳು ಪೂರ್ತಿ ಸರಿಯಾಗಿದ್ದವು. ಕೆಟ್ಟದ್ದು ಕೊನೆಯ ಆರು. ಅವುಗಳ ಮೇಲೆ ಒಂದು ಸಾಲು ಅಚ್ಚಾಗಿತ್ತು: ‘ಕೊಟ್ಟಿರುವ ಚಿತ್ರವನ್ನು ಹಿಂಬದಿಯಿಂದ ನೋಡಿದರೆ ಹೇಗೆ ಕಾಣುತ್ತದೆ?’

“ಟೈಮ್ ಮುಗೀಲಿಕ್ಕ ಬಂತು, ಕಣ್ಣ ಮುಚ್ಚಿ ಟಿಕ್ ಹಾಕಿದಿ. ಹೌದಿಲ್ಲೋ?” ಸರ್ ಕೇಳಿದರು.

“ಇಲ್ರಿ ಸರ್. ನೋಡೇ ಹಾಕೀನ್ರಿ.”

“ನೋಡಿ ಹಾಕಿದ್ರ ಆರರಾಗ ಒಂದರೆ ಬರೋಬರ್ ಬರತಿತ್ತು. ಇದಕ್ಕ ತುಕ್ಕಾ ಅಂತಾರ.”

ತುಕ್ಕಾ ಎಂದರೆ ಗೊತ್ತಿಲ್ಲದೆ ಅಂದಾಜಿಗೆ ಹೊಡೆಯುವುದು. ಹಿಂದಿನ ಬೆಂಚಿನಲ್ಲಿ ಯಾರೋ “ತುಕ್ಕಾ ಕ್ವೀನ್” ಎಂದು ಪಿಸುಗುಟ್ಟಿದರು. ಶುಭಾಂಗಿಯ ಕಿವಿ ಬಿಸಿಯಾಯಿತು. ಅವಳು ಆ ಆರು ಚಿತ್ರಗಳನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದಳು.

ಸರ್ ಬೋರ್ಡಿನ ಹತ್ತಿರ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು. “ಜನವರಿ ಐದಕ್ಕ ಸೊಲ್ಲಾಪುರದಾಗ ಸರಾವ್ ಪರೀಕ್ಷಾ, ಅಂದ್ರ ತಯಾರೀ ಪರೀಕ್ಷಾ ಅದ. ಜಿಲ್ಲಾದ ಎಲ್ಲಾ ಕಡಿಂದ ಹುಡುಗ್ರು ಬರತಾರ. ನಮ್ಮ ಜೀಪಿನ್ಯಾಗ ಎಂಟ ಮಂದಿಗೆ ಜಾಗ. ಬರೋ ಶನಿವಾರ ಕಡೇ ಟೆಸ್ಟ್. ಇಪ್ಪತ್ತಕ್ಕ ಹದಿನೇಳು ಬಂದವರು ಬರತಾರ. ತುಕ್ಕಾ ಹೊಡಿಯೋರಿಗಿ ಜೀಪ್ ಇಲ್ಲ.”

ಕೊನೆಯ ಮಾತು ಹೇಳುವಾಗ ಅವರು ಶುಭಾಂಗಿಯನ್ನು ನೋಡಲಿಲ್ಲ. ಆದರೆ ಮಿಕ್ಕವರೆಲ್ಲ ನೋಡಿದರು.

ಶನಿವಾರ ಶಾಲೆ ಹನ್ನೊಂದಕ್ಕೇ ಬಿಡುತ್ತದೆ. ಗೇಟಿನ ಹೊರಗೆ ಅವಳ ತರಗತಿಯ ಸ್ವಪ್ನಿಲ ಬಾರಿಹಣ್ಣು ತಿನ್ನುತ್ತ ನಿಂತಿದ್ದ. ಅವನಿಗೆ ಟೆಸ್ಟಿನಲ್ಲಿ ಹದಿನೆಂಟು ಬಂದಿತ್ತು, ಅದಕ್ಕೇ ಮಾತು ಜೋರಾಗಿತ್ತು.

“ಶುಭಿ, ನಾನೂ ಕಡೇ ಮೂರಕ್ಕ ತುಕ್ಕಾ ಹೊಡದೀನಿ. ಒಂದು ಬಂತು. ನೀ ಆರಕ್ಕ ಹೊಡದು ಒಂದೂ ಬರಲಿಲ್ಲಂದ್ರ, ತುಕ್ಕಾ ಹೊಡಿಯೋದಕ್ಕೂ ಕ್ಲಾಸ್ ಹಚ್ಚಬೇಕು ನಿನಗ.”

“ನಾ ತುಕ್ಕಾ ಹೊಡದಿಲ್ಲ.”

“ಹಂಗಾದ್ರ ಕೊಡಿಲ್ಲಿ, ನೋಡೂಣು.” ಅವನು ಪೇಪರ್ ಕಸಿದುಕೊಂಡ. ಬಾರಿಹಣ್ಣಿನ ಬೀಜವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, ಆರೂ ಚಿತ್ರಗಳ ಮೇಲೆ ಕಣ್ಣಾಡಿಸಿದ. ಆಮೇಲೆ ನಗಲು ಶುರುಮಾಡಿದ.

“ಏನಾತು?”

“ನೋಡಿಲ್ಲಿ. ಕರೀ ಬಾವುಟ ಇದ್ದಲ್ಲಿ ನೀ ಬಿಳೀ ಬಾವುಟ ಹಾಕೀದಿ. ಕರೀ ಬಾಣ ಇದ್ದಲ್ಲಿ ಬಿಳೀ ಬಾಣ. ಆರಕ್ಕ ಆರೂ ಇದೇ ಕತಿ. ತಪ್ಪಿನ್ಯಾಗೂ ಡಿಸೈನ್ ಹಾಕೀದಿ ನೋಡವಾ.”

ಅವನು ಬೀಜ ಉಗುಳಿ ಸೈಕಲ್ ಹತ್ತಿದ. ಶುಭಾಂಗಿ ಗೇಟಿನ ಪಕ್ಕ ನಿಂತೇ ಪೇಪರ್ ನೋಡಿದಳು. ಅವನ ಮಾತು ನಿಜವಾಗಿತ್ತು. ಬಿಳಿ ಚೌಕದೊಳಗೆ ಒಂದು ಕಪ್ಪು ಬಾವುಟ, ಬಲಕ್ಕೆ ಹಾರುತ್ತಿದೆ. ಉತ್ತರಗಳು ನಾಲ್ಕು. ಒಂದರಲ್ಲಿ ಬಾವುಟ ಎಡಕ್ಕೆ ಹಾರುತ್ತಿತ್ತು, ಇನ್ನೊಂದರಲ್ಲಿ ತಲೆಕೆಳಗಾಗಿತ್ತು, ಮತ್ತೊಂದರಲ್ಲಿ ಇದ್ದ ಹಾಗೇ ಇತ್ತು. ಉಳಿದ ಒಂದರಲ್ಲಿ ಚೌಕವೇ ಕಪ್ಪಾಗಿ ಬಾವುಟ ಬಿಳಿಯಾಗಿತ್ತು. ಅವಳು ಟಿಕ್ ಹಾಕಿದ್ದು ಅದಕ್ಕೆ. ನಂಬರುಗಳು ಬೇರೆ ಬೇರೆ ಇದ್ದರೂ ಆರೂ ಕಡೆ ಅವಳ ಕೈ ಅಂಥದ್ದನ್ನೇ ಹುಡುಕಿಕೊಂಡು ಹೋಗಿತ್ತು.

ಯಾಕೆ ಹೋಯಿತು? ಅವಳಿಗೆ ಬೇಸರಕ್ಕಿಂತ ಈಗ ಆ ಪ್ರಶ್ನೆಯೇ ದೊಡ್ಡದಾಯಿತು.

*

ಶುಭಾಂಗಿಯ ಮನೆಯವರದು ಚಾದರದ ಅಂಗಡಿ. ಅಪ್ಪ ಯೋಗಿರಾಜ ವಾರಕ್ಕೊಮ್ಮೆ ಸೊಲ್ಲಾಪುರಕ್ಕೆ ಹೋಗಿ ಟೆಂಪೊದಲ್ಲಿ ಮಾಲು ತರುತ್ತಾನೆ. ಅಂಗಡಿಯಲ್ಲಿ ಕೂರುವವನು ಮುತ್ಯಾ, ಅಂದರೆ ಅಜ್ಜ ಸಾತಲಿಂಗಪ್ಪ. ಅವರ ಗಡಿಯೂರು ಅಕ್ಕಲಕೋಟೆಗೆ ದೇವರ ದರ್ಶನಕ್ಕೆ ಬಂದವರು ಊರಿಗೆ ಹೋಗುವ ಮುಂಚೆ ಒಂದಾದರೂ ಚಾದರ ಕೊಳ್ಳುತ್ತಾರೆ. ಚಳಿಗಾಲದ ಶನಿವಾರಗಳಲ್ಲಿ ಮುತ್ಯಾನಿಗೆ ಚಹಾ ಕುಡಿಯಲೂ ಪುರುಸೊತ್ತು ಇರುವುದಿಲ್ಲ.

ಆ ಮಧ್ಯಾಹ್ನ ಪುಣೆಯ ಕಡೆಯ ಒಂದು ಕುಟುಂಬ ಗಾದಿಯ ಅಂಚಿಗೆ ಕುಳಿತಿತ್ತು. ಮುತ್ಯಾ ಒಂದು ಚಾದರ ಎತ್ತಿ, ಎರಡೂ ಕೈಯಿಂದ ಝಾಡಿಸಿ, ಅವರ ಮುಂದೆ ಹರಡಿದ. ಕೆಂಪು ನೆಲದ ಮೇಲೆ ಬಿಳಿ ಹೂಗಳು. ಆಮೇಲೆ ಅವನು ಪ್ರತಿಸಲ ಮಾಡುವ ಕೆಲಸ ಮಾಡಿದ. ಬಲಗಡೆಯ ಮೂಲೆ ಹಿಡಿದು ಮಗುಚಿ ತೋರಿಸಿದ. ಒಳಗಿನಿಂದ ಬಿಳಿ ನೆಲದ ಮೇಲೆ ಕೆಂಪು ಹೂಗಳು ಬಂದವು.

“ದೋನ್ಹೀ ಬಾಜೂ ಸಾರಖ್ಯಾಚ,” ಎಂದ ಮುತ್ಯಾ ಮರಾಠಿಯಲ್ಲಿ. ಎರಡೂ ಕಡೆ ಒಂದೇ.

ಅವನ ಅಂಗಡಿಯಲ್ಲಿ ಮೂಲೆ ಮಗುಚದೆ ಚಾದರ ಮಾರುವುದಿಲ್ಲ. ಗಿರಾಕಿ ಕನ್ನಡದವನಾದರೆ ಕನ್ನಡದಲ್ಲಿ, ಮರಾಠಿಯವನಾದರೆ ಮರಾಠಿಯಲ್ಲಿ, ಎರಡೂ ಅಲ್ಲದಿದ್ದರೆ ಹಿಂದಿಯಲ್ಲಿ, ಮಾತು ಮಾತ್ರ ಅದೇ. ಶುಭಾಂಗಿ ನಡೆಯಲು ಕಲಿಯುವ ಮುಂಚೆಯೇ ಆ ಗಾದಿಯ ಮೇಲೆ ಕುಳಿತು ಅದನ್ನು ಕೇಳಿದ್ದಳು. ಈಗ ಮುತ್ಯಾ ಊಟಕ್ಕೆ ಎದ್ದಾಗ ಅವಳೂ ಮೂಲೆ ಮಗುಚಿ ಹಾಗೇ ಹೇಳುತ್ತಾಳೆ.

ಇಂದು ಅವಳು ಆ ಮೂಲೆಯನ್ನೇ ದಿಟ್ಟಿಸಿದಳು. ಕೆಂಪು ಬಿಳಿಯಾಯಿತು, ಬಿಳಿ ಕೆಂಪಾಯಿತು. ಹಿಂಬದಿ ಎಂದರೆ ಅವಳಿಗೆ ಇದೇ. ಪೇಪರಿನಲ್ಲಿ ‘ಹಿಂಬದಿ’ ಎಂದು ಕೇಳಿದ ಕೂಡಲೇ ಅವಳ ಕೈ ಚಾದರ ಮಗುಚಿತ್ತು.

ಗಿರಾಕಿಗಳು ಹೋದ ಮೇಲೆ ಅವಳು ಮುತ್ಯಾನಿಗೆ ಎಲ್ಲ ಹೇಳಿದಳು. ಅವನು ಪೇಪರನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ.

“ನೀ ಹಾಕಿದ್ದು ಬರೋಬರ್ ಅದಲ್ಲವಾ. ಹಿಂದ ಹಂಗೇ ಕಾಣತದ.”

“ಚಾದರಕ್ಕ ಹಂಗ, ಮುತ್ಯಾ. ಇದು ಹಾಳಿ. ಹಾಳಿಗಿ ಬಣ್ಣ ಉಲ್ಟಾ ಆಗೂದಿಲ್ಲ.”

“ಹಂಗಾದ್ರ ಹಾಳಿ ಹೊದಕೊಂಡು ಮಲಗಂತ ಹೇಳು ನಿಮ್ಮ ಸರಗ,” ಎಂದ ಮುತ್ಯಾ, ಮತ್ತು ಚಾದರ ಮಡಚತೊಡಗಿದ.

*

ಸೋಮವಾರ ಅವಳು ಸರ್ ಹತ್ತಿರ ಹೋಗಿ ಇನ್ನೊಂದು ಹಾಳೆ ಕೇಳಿದಳು. “ಹಿಂಬದೀದು ತಿಳೀತ್ರಿ ಸರ್. ಬಣ್ಣ ಬದಲಾಗೂದಿಲ್ರಿ.”

“ಶಾಣ್ಯಾಕಿ,” ಎಂದರು ಸರ್. ಅವರು ಒಂಬತ್ತನೇ ತರಗತಿಗೆ ಓಡುವ ಅವಸರದಲ್ಲಿದ್ದರು. “ತಿಳೀ ಪ್ಲಾಸ್ಟಿಕ್ ಮ್ಯಾಲೆ ಚಿತ್ರ ಬರದಾರ ಅಂತ ತಿಳ್ಕೊ. ಪ್ಲಾಸ್ಟಿಕ್ ಮಗುಚಿದ್ರ ಹೆಂಗ ಕಾಣತದ, ಅಷ್ಟೇ.” ಕಪಾಟಿನಿಂದ ಅಂಥದೇ ಆರು ಪ್ರಶ್ನೆಗಳ ಹಾಳೆ ತೆಗೆದುಕೊಟ್ಟರು.

ಅವಳು ಊಟದ ಬಿಡುವಿನಲ್ಲಿ ಕುಳಿತು ಬಿಡಿಸಿದಳು. ಬಣ್ಣ ಉಲ್ಟಾ ಆದವನ್ನು ಮೊದಲೇ ಹೊಡೆದುಹಾಕಿದಳು. ಹಾಗಾದರೆ ಉಳಿದದ್ದು ಯಾವುದು? ಬಣ್ಣ ಬದಲಾಗದಿದ್ದರೆ ಮತ್ತೇನು ಬದಲಾಗುತ್ತದೆ? ಏನೂ ಇಲ್ಲ. ಎರಡೂ ಕಡೆ ಒಂದೇ. ಹೀಗೆ ಯೋಚಿಸಿ, ಇದ್ದ ಹಾಗೇ ಇರುವ ಚಿತ್ರಗಳಿಗೆ ಟಿಕ್ ಹಾಕಿದಳು.

ಸಂಜೆ ಸರ್ ಹಾಳೆ ಹಿಂದಿರುಗಿಸಿದರು. ಒಂದು ಸರಿ, ಐದು ತಪ್ಪು.

“ಮನ್ನಿ ಒಂದು ತರಾ, ಇವತ್ತ ಇನ್ನೊಂದು ತರಾ,” ಎಂದರು ಸರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಇತ್ತು. “ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನವಾ. ತುಕ್ಕಾ ಬ್ಯಾಡ. ಶನಿವಾರ ಹದಿನಾಲ್ಕೇ ಬಂದ್ರ ನಾ ಏನೂ ಮಾಡಾಕ ಆಗೂದಿಲ್ಲ.”

ಶುಭಾಂಗಿ ತುಟಿ ಕಚ್ಚಿಕೊಂಡಳು. ಜೀಪ್ ತಪ್ಪುವುದು ಒಂದು ಮಾತು. ಅಷ್ಟು ಯೋಚಿಸಿದ ಮೇಲೂ ತುಕ್ಕಾ ಎನ್ನಿಸಿಕೊಳ್ಳುವುದು ಇನ್ನೂ ಕಷ್ಟದ ಮಾತು.

ದಾರಿಯಲ್ಲಿ ಅವಳು ಸರಿಯಾದ ಆ ಒಂದೇ ಚಿತ್ರವನ್ನು ನೋಡುತ್ತ ನಡೆದಳು. ಅದೊಂದು ಗಿಡ. ನಡುವೆ ಕಾಂಡ, ಎಡಕ್ಕೆರಡು ಎಲೆ, ಬಲಕ್ಕೆರಡು ಎಲೆ. ಮಿಕ್ಕ ಐದೂ ಬಾಣ, ಬಾವುಟ, ಕೊಡೆಯ ಹಿಡಿಯಂಥ ಕೊಕ್ಕೆ. ಗಿಡ ಯಾಕೆ ಸರಿ, ಬಾವುಟ ಯಾಕೆ ತಪ್ಪು?

ಅಂಗಡಿಗೆ ಬಂದವಳೇ ಕೇಳಿದಳು. “ಮುತ್ಯಾ, ಚಾದರ ಮಗುಚಿದಾಗ ಬಣ್ಣ ಬಿಟ್ಟು ಮತ್ತೇನರ ಬದಲಾಗತದೇನು?”

“ಏನ ಬದಲಾಗತದ? ನಲವತ್ತ ವರ್ಷ ಆತು ಮಗುಚಾಕತ್ತಿ. ಎರಡೂ ಕಡಿ ಒಂದೇ.”

“ನಾ ನೋಡ್ಲಿ?”

“ನೋಡು. ಆದ್ರ ಹೆಂಗ ಇದ್ವು ಹಂಗೇ ಮಡಚಿ ಇಡಬೇಕು.”

ಅವಳು ಒಂದೊಂದೇ ಬಿಚ್ಚಿದಳು. ಹೂವಿನದು ಮಗುಚಿದಳು, ಬಣ್ಣ ಬಿಟ್ಟರೆ ಅದೇ ಹೂವು. ಚೌಕಟ್ಟಿನದು ಮಗುಚಿದಳು, ಅದೇ ಚೌಕ. ಜೋಡಿ ನವಿಲಿನದು ಇತ್ತು. ನಡುವೆ ಒಂದು ಕುಂಡ, ಆಚೆಗೊಂದು ಈಚೆಗೊಂದು ನವಿಲು, ಎದುರುಬದುರು ಮುಖ. ಅದನ್ನು ಮಗುಚಿದರೂ ಎರಡು ನವಿಲು ಎದುರುಬದುರೇ ಇದ್ದವು. ಮುತ್ಯಾ ಹೇಳಿದ್ದು ನಿಜ. ಮಡಚಿ ಇಡುವುದರಲ್ಲಿ ಅವಳ ತೋಳು ಸೋತವು.

*

ಗುರುವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡು ವರ್ಷದ ತಮ್ಮ ಸೋಮೇಶ ಪಡಸಾಲೆಯಲ್ಲಿ ಮಲಗಿದ್ದ. “ಶುಭಾ, ಅಂವಗ ಜರಾ ಹೊಚ್ಚವಾ, ಥಂಡಿ ಬಿಟ್ಟದ,” ಎಂದಳು ಅವ್ವ.

ಸೋಮೇಶನದು ಪುಟ್ಟ ಚಾದರ. ಅವನು ಹುಟ್ಟಿದಾಗ ಅಪ್ಪ ಬೇಕೆಂದೇ ಹುಡುಕಿ ಸೊಲ್ಲಾಪುರದಿಂದ ತಂದದ್ದು. ಬಿಳಿ ನೆಲದ ಮೇಲೆ ನೀಲಿ ಆನೆಗಳು, ಸಾಲು ಸಾಲಾಗಿ. ಮೂಲೆಯ ಆನೆಯನ್ನು ಸೋಮೇಶ ಕಚ್ಚಿ ಕಚ್ಚಿ ನೂಲೆಬ್ಬಿಸಿದ್ದ. ಶುಭಾಂಗಿ ಅದನ್ನು ಹೊದಿಸಿದಳು. ಆನೆಗಳೆಲ್ಲ ಎಡಕ್ಕೆ, ಬಾಗಿಲ ಕಡೆ ಹೊರಟಿದ್ದವು.

ಸೋಮೇಶ ನಿದ್ದೆಯಲ್ಲೇ ಕಾಲು ಝಾಡಿಸಿದ. ಚಾದರ ಪಕ್ಕಕ್ಕೆ ಮಗುಚಿ ಬಿತ್ತು. ಅವಳು ಹಾಗೇ ಎಳೆದು ಮತ್ತೆ ಹೊದಿಸಿದಳು. ಈಗ ಮೇಲೆ ಬಂದದ್ದು ಹಿಂಬದಿ. ನೀಲಿ ನೆಲ, ಬಿಳಿ ಆನೆಗಳು. ಅದು ಅವಳಿಗೆ ಗೊತ್ತಿದ್ದದ್ದೇ.

ಎದ್ದು ಹೋಗಬೇಕೆಂದವಳು ಅಲ್ಲೇ ನಿಂತಳು.

ಆನೆಗಳು ಗೋಡೆಯ ಕಡೆ ಹೊರಟಿದ್ದವು.

ಚಾದರವನ್ನು ತಲೆಗಡೆಯದು ಕಾಲಿಗೆ ಬರುವಂತೆ ತಿರುಗಿಸಿ ಹಾಕಿದೆನೇನೋ ಎಂದುಕೊಂಡಳು. ಹಾಗೆ ತಿರುಗಿದ್ದರೆ ಆನೆಗಳ ಕಾಲು ಮೇಲಾಗಬೇಕಿತ್ತು. ಕಾಲು ಕೆಳಗೇ ಇದ್ದವು, ಬೆನ್ನು ಮೇಲೇ ಇತ್ತು. ಸೊಂಡಿಲು ಮಾತ್ರ ಆ ಕಡೆಗೆ ಹೋಗಿತ್ತು. ಅವಳು ಪುಸ್ತಕದ ಹಾಳೆ ಮಗುಚುವಂತೆ ಚಾದರವನ್ನು ಪಕ್ಕಕ್ಕೆ ಮಗುಚಿದಳು. ಬಾಗಿಲ ಕಡೆ. ಮತ್ತೆ ಮಗುಚಿದಳು. ಗೋಡೆಯ ಕಡೆ. ಬಾಗಿಲು, ಗೋಡೆ, ಬಾಗಿಲು, ಗೋಡೆ.

ಸೋಮೇಶ ಎಚ್ಚರಗೊಂಡು ಗಂಟಲು ಹರಿದುಕೊಂಡು ಅಳತೊಡಗಿದ.

“ಹೊಚ್ಚು ಅಂದ್ರ ಗಾಳಿ ಹಾಕಾಕತ್ತೀಯೇನು?” ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಅವ್ವಾ, ಆನಿ ತಿರಗ್ಯಾವ.”

“ತಿರಗಲಿ. ನೀ ಮದಲ ಅಂವನ್ನ ಎತಗೊ.”

ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿದಳು. ತಲೆಯೊಳಗೆ ಆನೆಗಳು ನಡೆಯುತ್ತಲೇ ಇದ್ದವು. ಹೂವಿಗೆ ಎಡ ಬಲ ಒಂದೇ ತರ. ಚೌಕಕ್ಕೂ ಹಾಗೇ. ಜೋಡಿ ನವಿಲು ಎದುರುಬದುರು, ಅತ್ತಲದು ಇತ್ತ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ಅವೂ ತಿರುಗಿದ್ದವು. ತಿರುಗಿದ್ದು ಕಾಣುತ್ತಿರಲಿಲ್ಲ, ಅಷ್ಟೇ. ಆನೆ ಒಂದೇ ಕಡೆ ಹೊರಟಿರುವುದರಿಂದ ಸಿಕ್ಕಿಬಿತ್ತು.

ಹಾಗಾದರೆ ಗಿಡ ಸರಿ ಬಂದದ್ದೂ ಅದಕ್ಕೇ.

ಸೋಮೇಶ ಸುಮ್ಮನಾದ ಮೇಲೆ ಅವಳು ಅಂಗಡಿಯ ಚಾದರ ಬರುವ ಒಂದು ತಿಳಿ ಪ್ಲಾಸ್ಟಿಕ್ ಚೀಲ ಹುಡುಕಿದಳು. ಅದನ್ನು ಕತ್ತರಿಸಿ ಒಂದೇ ಪದರ ಮಾಡಿ, ಸ್ಕೆಚ್ ಪೆನ್ನಿನಿಂದ ಆನೆ ಬರೆದಳು. ಅದು ಸ್ವಲ್ಪ ಎಮ್ಮೆಯಂತೆ ಬಂತು. ಪರವಾಗಿಲ್ಲ, ಸೊಂಡಿಲು ಎಡಕ್ಕಿತ್ತು. ಪ್ಲಾಸ್ಟಿಕ್ ಮಗುಚಿದಳು. ಸೊಂಡಿಲು ಬಲಕ್ಕೆ ಬಂತು, ಬಣ್ಣ ಮಾತ್ರ ನೀಲಿಯೇ ಉಳಿಯಿತು.

ಚಾದರದಲ್ಲಿ ಎರಡು ಪದರ. ಮೇಲೆ ನೀಲಿ ಇದ್ದಲ್ಲಿ ಕೆಳಗೆ ಬಿಳಿ ಇರುತ್ತದೆ, ಅದಕ್ಕೇ ಬಣ್ಣವೂ ಬದಲಾಗುತ್ತದೆ, ದಿಕ್ಕೂ ಬದಲಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಒಂದೇ ಪದರ. ಅಲ್ಲಿ ದಿಕ್ಕು ಮಾತ್ರ. ಅವಳು ಇಷ್ಟು ದಿನ ಬಣ್ಣ ಒಂದನ್ನೇ ನೋಡಿದ್ದಳು.

ಶನಿವಾರದ ಹಳೆಯ ಪೇಪರ್ ತೆಗೆದು ಬಾವುಟವನ್ನು ನೋಡಿದಳು. ಅದು ಎಡಕ್ಕೆ ಹಾರುವ ಉತ್ತರ ಅಲ್ಲೇ ಕುಳಿತಿತ್ತು.

*

ಮುಂದಿನ ಶನಿವಾರ ಟೆಸ್ಟ್ ಮುಗಿಯಿತು. ಸರ್ ಕುರ್ಚಿಯಲ್ಲೇ ಕುಳಿತು ಪೇಪರ್ ನೋಡುತ್ತಿದ್ದರು. ಮಕ್ಕಳು ಬರೆಯುವಂತೆ ನಟಿಸುತ್ತ ಅವರ ಪೆನ್ನನ್ನೇ ನೋಡುತ್ತಿದ್ದರು.

“ಶುಭಾಂಗಿ, ಬಾ ಇಲ್ಲಿ.”

ಅವಳು ಎದ್ದು ಹೋದಳು. ಮೇಜಿನ ಮೇಲೆ ಅವಳ ಪೇಪರ್ ಇತ್ತು. ಹತ್ತೊಂಬತ್ತು. ಕೊನೆಯ ಆರೂ ಸರಿ. ತಪ್ಪಾದದ್ದು ಮೂರನೆಯದು, ಅವಸರದಲ್ಲಿ ಚುಕ್ಕೆ ಎಣಿಸುವಾಗ ಒಂದು ಬಿಟ್ಟುಹೋಗಿತ್ತು.

ಸರ್ ನಗಲಿಲ್ಲ. “ಹೋದ ಸಲ ಆರರಾಗ ಸೊನ್ನಿ. ಸೋಮವಾರ ಒಂದು. ಇವತ್ತ ಆರಕ್ಕ ಆರು. ಮಗ್ಗಲದವರ ಪೇಪರ್ ನೋಡಿದಿಯೇನು?”

“ಇಲ್ರಿ ಸರ್.”

“ಮತ್ತ ಹೆಂಗ?”

ಶುಭಾಂಗಿ ತನ್ನ ಬ್ಯಾಗಿನ ಕಡೆ ನೋಡಿದಳು. ಈಗ ಹೇಳದಿದ್ದರೆ ತುಕ್ಕಾ ಹೋಗಿ ಕಾಪಿ ಆಗುತ್ತದೆ. “ತಡೀರಿ ಸರ್,” ಎಂದು ಓಡಿಹೋಗಿ ಬ್ಯಾಗಿನಿಂದ ಸೋಮೇಶನ ಚಾದರ ತಂದಳು. ಬೆಳಿಗ್ಗೆ ಅವನು ಮಲಗಿದ್ದಾಗ ಮೆಲ್ಲಗೆ ಎಳೆದುಕೊಂಡು ಬಂದದ್ದು. ಇಷ್ಟು ಹೊತ್ತಿಗೆ ಮನೆಯಲ್ಲಿ ರಾದ್ಧಾಂತ ಆಗಿರಬೇಕು.

ಮೇಜಿನ ಮೇಲೆ ಆನೆಗಳು ಹರಡಿಕೊಂಡವು. ತರಗತಿಯಲ್ಲಿ ಗುಸುಗುಸು ಎದ್ದಿತು.

“ಇದು ಈ ಕಡಿ, ಸರ್. ಆನಿ ಕಿಡಕೀ ಕಡಿ ಹೊಂಟಾವ್ರಿ.” ಅವಳು ಮುತ್ಯಾನ ಹಾಗೆ ಬಲಗಡೆಯ ಮೂಲೆ ಹಿಡಿದಳು. ಆದರೆ ಮೂಲೆ ಮಾತ್ರ ಮಗುಚಿ ಬಿಡಲಿಲ್ಲ, ಪೂರ್ತಿ ಮಗುಚಿದಳು. “ಈಗ ಬೋರ್ಡಿನ ಕಡಿ ಹೊಂಟಾವ್ರಿ. ಬಣ್ಣಾನೂ ಬದಲಾತು, ದಿಕ್ಕೂ ಬದಲಾತು. ನಾ ಮೊದಲ ಬಣ್ಣ ಅಷ್ಟೇ ನೋಡಿದ್ದೆ ಸರ್. ಅದಕ್ಕ ಆರೂ ಕಡಿ ಬಣ್ಣ ಉಲ್ಟಾ ಇದ್ದದ್ದೇ ಹಾಕಿದೆ. ಆಮ್ಯಾಲೆ ಹಾಳಿಗಿ ಬಣ್ಣ ಉಲ್ಟಾ ಆಗೂದಿಲ್ಲಂತ ತಿಳದು ಬಣ್ಣ ಬಿಟ್ಟೆ. ಅವಾಗ ಬದಲಾಗೋದು ಏನೂ ಉಳೀಲಿಲ್ರಿ. ಅದಕ್ಕ ಇದ್ದದ್ದು ಇದ್ದಂಗೇ ಹಾಕಿದೆ.”

ಪ್ಲಾಸ್ಟಿಕ್ಕಿನ ತುಂಡನ್ನೂ ಮುಂದಿಟ್ಟಳು.

“ಇದು ಎಮ್ಮಿ ಏನು?” ಸರ್ ಕೇಳಿದರು.

“ಆನಿ ರಿ.”

ಸರ್ ಪ್ಲಾಸ್ಟಿಕ್ಕನ್ನು ಮಗುಚಿದರು. ಚಾದರವನ್ನು ಮಗುಚಿದರು. ಆಮೇಲೆ ಕಪಾಟಿನಿಂದ ಹಿಂದಿನ ಶನಿವಾರದ ಪ್ರಶ್ನೆಗಳನ್ನು ತೆಗೆದು, “ನಿನ್ನ ಹಳೇ ಪೇಪರ್ ಕೊಡು,” ಎಂದು ಅವಳ ಟಿಕ್ಕುಗಳನ್ನು ಒಂದೊಂದಾಗಿ ನೋಡಿದರು. ಎರಡು, ನಾಲ್ಕು, ಒಂದು. ಈ ಸಲ ನಂಬರ್ ಓದಲಿಲ್ಲ, ಚಿತ್ರ ನೋಡಿದರು. ಬಿಳಿ ಬಾವುಟ, ಬಿಳಿ ಬಾಣ, ಬಿಳಿ ಕೊಕ್ಕೆ.

ಆರೂ ಚಿತ್ರಗಳ ಮೇಲೆ ಮತ್ತೆ ಬೆರಳಾಡಿಸಿದರು.

“ತುಕ್ಕಾ ಹೊಡದ್ರ ಆರರಾಗ ಒಂದೋ ಎರಡೋ ಬರಬೇಕಿತ್ತು,” ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. “ಒಂದೂ ಬಂದಿಲ್ಲಂದ್ರ ಏನೋ ಕಾರಣ ಇರಬೇಕು ಅಂತ ನನಗ ಹೊಳೀಬೇಕಿತ್ತು. ಆರೂ ತಪ್ಪು ಒಂದೇ ಸಾಲಿನ್ಯಾಗ ನಿಂತಾವ.” ಅವಳ ಕಡೆ ನೋಡಿದರು. “ತುಕ್ಕಾ ಹೊಡದಾಂವ ನಾನು, ಶುಭಾಂಗಿ. ನಿನ್ನ ಬಗ್ಗೆ.”

ಸರ್ ಹೀಗೆ ಮಾತಾಡಿದ್ದನ್ನು ತರಗತಿ ಎಂದೂ ಕೇಳಿರಲಿಲ್ಲ. ಶುಭಾಂಗಿ ಚಾದರದ ನೂಲನ್ನು ಬೆರಳಿಗೆ ಸುತ್ತಿಕೊಂಡಳು.

“ಸರ್,” ಹಿಂದಿನಿಂದ ಸ್ವಪ್ನಿಲ ಕೈ ಎತ್ತಿದ. “ತಪ್ಪಿನ್ಯಾಗ ಡಿಸೈನ್ ಅದ ಅಂತ ಮೊದಲ ಹೇಳಿದಾಂವ ನಾನ್ರಿ.”

“ಹೌದೇನು? ನಿನಗ ಈ ಸಲ ಎಷ್ಟು?”

“ಹದಿನೇಳ್ರಿ. ಒಂದು ತುಕ್ಕಾ.”

ಈಗ ಸರ್ ಕೂಡ ನಕ್ಕರು. “ಇಬ್ಬರೂ ಜೀಪಿನ್ಯಾಗ ಹತ್ರಿ. ಶುಭಾಂಗಿ, ನೀ ಕಿಡಕೀ ಹತ್ರ ಕೂಡು. ಆನಿ ಮನ್ಯಾಗ ಬಿಟ್ಟು ಬಾ.”

*

ಅಂಗಡಿಗೆ ಬರುವಷ್ಟರಲ್ಲಿ ಮುತ್ಯಾನ ಮುಂದೆ ಹನ್ನೂರಿನ ಗುರಮ್ಮ ಕುಳಿತಿದ್ದಳು. ಮೊಮ್ಮಗಳಿಗೊಂದು ಸಣ್ಣ ಚಾದರ ಬೇಕಾಗಿತ್ತು. ಮುತ್ಯಾ ನಿನ್ನೆಯಷ್ಟೇ ಬಂದ ಗಿಳಿಗಳ ಚಾದರ ಹರಡಿ, ಬಲಗಡೆಯ ಮೂಲೆ ಮಗುಚಿದ.

“ಎರಡೂ ಕಡಿ ಒಂದೇ ನೋಡಕ್ಕಾ.”

“ಒಂದೇ ಅಲ್ಲ, ಮುತ್ಯಾ,” ಎಂದಳು ಶುಭಾಂಗಿ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮುತ್ಯಾನ ಕೈ ಮೂಲೆಯ ಮೇಲೇ ನಿಂತಿತು. “ಏನಂದಿ?”

“ಗಿಳಿ ಆ ಕಡಿ ತಿರಗತಾವ.” ಅವಳು ಮೆಲ್ಲಗೆ ಹೇಳಿದಳು.

“ಗಿರಾಕಿ ಮುಂದ ನಾ ಸುಳ್ಳ ಹೇಳತೀನಿ ಅಂತೀಯೇನು?” ಮುತ್ಯಾನ ಮುಖ ಸಣ್ಣದಾಯಿತು. ಅವನು ಅಂಥ ಮುಖ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಗುರಮ್ಮ ತಾನೇ ಚಾದರವನ್ನು ಪೂರ್ತಿ ಮಗುಚಿದಳು. ಗಿಳಿಗಳನ್ನು ನೋಡಿದಳು, ಮತ್ತೆ ಮಗುಚಿ ನೋಡಿದಳು. “ಹೌದಲ್ಲ ಸಾವಕಾರ್ರ, ತಿರಗತಾವ. ಕೂಸು ಖರೇ ಹೇಳಾಕತ್ತದ.” ಆಮೇಲೆ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ತಿರಗಲಿ ಬಿಡ್ರಿ. ಯಾವ ಕಡಿ ಹೊಚ್ಚಿದ್ರೂ ಬೆಚ್ಚಗ ಒಂದೇ ಇರತದಲ್ಲ, ನನಗ ಅಷ್ಟ ಸಾಕು. ಕಟ್ರಿ.”

ಗುರಮ್ಮ ಹೋದ ಮೇಲೆ ಮುತ್ಯಾ ದುಡ್ಡನ್ನು ಗಲ್ಲಾದಲ್ಲಿ ಹಾಕಿ ಗಾದಿಯ ಮೇಲೆ ಕುಳಿತ. ಶುಭಾಂಗಿ ಅವನ ಪಕ್ಕ ಸರಿದು ಕುಳಿತಳು. ಅವನ ಮಾತು ಸುಳ್ಳಾಗಿರಲಿಲ್ಲ. ಬೆಚ್ಚಗಿರುವುದನ್ನು ಕೇಳಿದರೆ ಎರಡೂ ಕಡೆ ಒಂದೇ. ಗಿಳಿಯನ್ನು ಕೇಳಿದರೆ ಅಲ್ಲ. ಪೇಪರಿನಲ್ಲಿ ಕೇಳಿದ್ದು ಒಂದಾಗಿತ್ತು, ಅವಳು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ.

“ನಲವತ್ತ ವರ್ಷ ಮೂಲೀ ಅಷ್ಟೇ ಮಗುಚೀನಿ,” ಎಂದ ಮುತ್ಯಾ. “ಪೂರಾ ಎಂದೂ ಮಗುಚಿಲ್ಲ. ಆ ಆನೀದು ತಾ ಇಲ್ಲಿ.”

ಅವಳು ಬ್ಯಾಗಿನಿಂದ ಸೋಮೇಶನ ಚಾದರ ತೆಗೆದಳು. ಮುತ್ಯಾ ಹರಡಿದ, ಮಗುಚಿದ, ಕನ್ನಡಕ ಹಣೆಗೇರಿಸಿ ಮತ್ತೆ ಹರಡಿದ.

“ಅದೇ ಆನಿ ಅಂತ ಹೆಂಗ ಹೇಳತಿ? ಬ್ಯಾರೆ ಆನಿ ಇದ್ರ?”

“ಸೋಮ್ಯಾ ಕಚ್ಚಿದ್ದು ನೋಡು. ಆ ನೂಲು ಎರಡೂ ಕಡಿ ಕಾಣತದ.”

“ಅಷ್ಟಕ್ಕ ನಾ ಒಪ್ಪೂದಿಲ್ಲ,” ಎಂದು ಮುತ್ಯಾ ಗಲ್ಲಾದ ಪಕ್ಕದಿಂದ ಅಳತೆಯ ಟೇಪ್ ತೆಗೆದು ಅವಳ ಕೈಗೆ ಕೊಟ್ಟ. ಅವನ ಮುಖ ಮತ್ತೆ ಮೊದಲಿನಂತಾಗಿತ್ತು. “ಅಳಿ. ಅದೇ ಆನಿ ಇದ್ರ ಅಂಚಿನಿಂದ ದೂರ ಎರಡೂ ಕಡಿ ಒಂದೇ ಬರಬೇಕು.”

ಅವಳು ಅಳೆದಳು. ಈ ಬದಿಯಲ್ಲಿ, ಕಚ್ಚಿದ ಆನೆಯ ಸೊಂಡಿಲಿಗೆ ಎಡ ಅಂಚಿನಿಂದ ಇಪ್ಪತ್ತಮೂರು ಸೆಂಟಿಮೀಟರ್. ಮುತ್ಯಾ ಎರಡೂ ಮೂಲೆ ಹಿಡಿದು ಚಾದರ ಮಗುಚಿದ. ಅವಳು ಟೇಪಿನ ತುದಿಯನ್ನು ಬಲ ಅಂಚಿಗೆ ಹಿಡಿದು, ಅದೇ ನೂಲೆದ್ದ ಬಿಳಿ ಆನೆಯ ಸೊಂಡಿಲಿನವರೆಗೆ ಎಳೆದು, ಬಾಗಿ ನೋಡಿದಳು.

ಇಪ್ಪತ್ತಮೂರು ಸೆಂಟಿಮೀಟರ್.